ಅವ್ವನ ಬಾಯಲ್ಲಿ ಥರ್ಮಾಮೀಟರು

ಜ್ವರ ಮಗಳಿಗೆ ಬಂದರೆ ಥರ್ಮಾಮೀಟರನ್ನು ತಾಯಿಯ ಬಾಯಿಗೆ ಇಡುವ ಡಾಕ್ಟರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಶಿರಸಿಯಲ್ಲಿ! ನಗಬೇಡಿ. ನಾನು ನಾಲ್ಕಕ್ಷರ ಕಲಿತದ್ದು ಆ ಥರ್ಮಾಮೀಟರಿನ ದಯೆಯಿಂದ.

ಏಕೀಕರಣವಾಗಿ ಎರಡು ವರ್ಷವಾಗಿತ್ತು; ನಾನಾಗ ಎಂಟನೇ ಇಯತ್ತೆ. ಡಾಕ್ಟರಮ್ಮ ಧಾರವಾಡದ ಕಡೆಯವರು. ನಮ್ಮ ಕಡೆಯ ಹುಡುಗಿಯರಿಗೆ ನಾಲಿಗೆಯೇ ಇಲ್ಲ ಎಂಬುದು ಅವರ ದೂರು. ಸುಳ್ಳೇನಲ್ಲ. ಎಲ್ಲಿ ನೋವು ಎಂದು ಮಗಳನ್ನು ಕೇಳಿದರೆ ತಾಯಿ ಉತ್ತರ ಕೊಡುತ್ತಿದ್ದಳು. ನಾಲಿಗೆ ಚಾಚು ಎಂದರೂ ತಾಯಿಯೇ ಚಾಚುತ್ತಿದ್ದಳು! ಹೊರಗೆ ಕೂರಿ ಎಂದರೆ, ದೊಡ್ಡವಳಾದ ಮಗಳನ್ನು ಬಿಟ್ಟು ಯಾವ ತಾಯಿ ಎದ್ದಾಳು?

ಅದಕ್ಕೇ ಈ ಉಪಾಯ. ತಾಯಿಗೂ ಜ್ವರವಿದೆಯೋ ನೋಡಬೇಕೆಂದು ಬಾಯಿಗೆ ಕಡ್ಡಿ ಇಟ್ಟು, ತಾವು ಬಂದು ತೆಗೆಯುವವರೆಗೆ ತುಟಿ ಬಿಚ್ಚಬಾರದೆಂದು ಹೆದರಿಸಿ, ಜಗಲಿಯ ಬೆಂಚಿನ ಮೇಲೆ ಕೂರಿಸಿಬಿಡುತ್ತಿದ್ದರು. ಆಮೇಲೆ ಬಾಗಿಲು ಮುಚ್ಚಿ ಮಗಳ ಜೊತೆ ಮಾತು. ಹೆಗಡೆಕಟ್ಟಾ ಊರಿನ ಒಬ್ಬ ತಾಯಿಗಂತೂ ಇದು ಎಷ್ಟು ರೂಢಿಯಾಯಿತೆಂದರೆ, ಯಲ್ಲಾಪುರದ ಡಾಕ್ಟರೊಬ್ಬರು ಮಗಳ ಬಾಯಿಗೆ ಕಡ್ಡಿ ಇಡಲು ಹೋದಾಗ, ಮೊದಲು ತನಗಿಡಬೇಕೆಂಬುದೂ ಗೊತ್ತಿಲ್ಲವೇ ಎಂದು ಅವರನ್ನೇ ಬೈದು ಬಂದಳಂತೆ!

ನನ್ನನ್ನು ಅವ್ವ ಎಕ್ಕಂಬಿಯಿಂದ ಕರೆದೊಯ್ದಾಗ ನಾನು ಸರಿಯಾಗಿ ಉಂಡು ಮೂರು ವಾರವಾಗಿತ್ತು. ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ಊರ ಬಾಯಿಗೆ ಹೆದರಿ ಅವ್ವ ಶಾಲೆ ಬಿಡಿಸಿದ್ದಳು.

ಅವ್ವ ಬೆಂಚು ಸೇರಿದಳು. ಒಳಗೆ ಡಾಕ್ಟರಮ್ಮ ಕೇಳಿದರು: "ಏನ್ ಅಂಜಿಕಿ ಅದನವಾ ನಿನಗ? ಹೇಳು, ಈ ಬಾಗಲಾ ದಾಟಂಗಿಲ್ಲ."

ಗೋಡೆ ನೋಡುತ್ತಾ ಹೇಳಿದೆ: "ಸಾಲ್ಯಾಗ ಒಬ್ಬ ಹುಡುಗ ಕಚ್ಚಿದ ಪೇರಲಹಣ್ಣ ತಿಂದೇನ್ರಿ. ಬಸರಾಗೇನಿ."

ಅವರು ನಗಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ಕೈ ಮುಗಿಯುತ್ತೇನೆ. ಎಂಜಲಿಗೆ ಮಕ್ಕಳಾಗುವುದಿಲ್ಲ ಎಂದರು. ಮತ್ತೆ ಹೇಗಾಗುತ್ತವೆ, ಮುಟ್ಟು ಎಂದರೇನು, ಮೊದಲ ಒಂದೆರಡು ವರ್ಷ ಅದು ಏಕೆ ತಪ್ಪುತ್ತದೆ ಎಂಬುದನ್ನೆಲ್ಲ ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು, ಭೂಗೋಳದ ಪಾಠದಂತೆ ಹೇಳಿದರು. ಪಾಠ ಮುಗಿಯುವಷ್ಟರಲ್ಲಿ ನನಗೆ ಹಸಿವಾಗಿತ್ತು!

ಹೊರಗೆ ಬಂದು ಅವ್ವನಿಗೆ ಹೇಳಿದರು: "ಹುಡುಗಿ ಗಟ್ಟಿ ಅದಾಳ. ಸೋಮವಾರದಿಂದ ಸಾಲಿಗಿ ಕಳಸ್ರಿ. ಬ್ಯಾಡ ಅಂತೀರೇನು?"

ಬೇಡ ಎನ್ನಲು ಬಾಯಿ ಖಾಲಿ ಇರಬೇಕಲ್ಲ! ಅವ್ವ ಕಣ್ಣರಳಿಸಿ "ಮ್ಮ್" ಎಂದಳು. ಅದೇ ಒಪ್ಪಿಗೆಯೆಂದು ಡಾಕ್ಟರಮ್ಮ ತೀರ್ಪು ಕೊಟ್ಟರು. ನಾನು ಗೆದ್ದಿದ್ದೆ.

ಇನ್ನೇನು ಹೊರಡಬೇಕು, ಅವ್ವನ ಬಾಯಿಂದ ಕಡ್ಡಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ನನ್ನ ಬಾಯಿಗಿಟ್ಟು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಅವ್ವನಿಗೆ, "ಈಗ ನೀವು ಒಳಗ ಬರ್ರಿ" ಎಂದರು.

ಅವ್ವನಿಗಾಗ ಮೂವತ್ತು. ಆರು ಹೆತ್ತು ಮೂರನ್ನು ಕಳೆದುಕೊಂಡವಳು. ನಿನಗೇನು ಅಂಜಿಕೆ ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅರ್ಧ ತಾಸಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಬಂದಳು.

ಬಸ್ಸಿಗೆ ಕಾಯುವಾಗ ನಾನೇ ಅವಳಿಗೆ ಪೇರಲಹಣ್ಣಿನ ಕಥೆ ಹೇಳಿದೆ.

"ನನಗೂ ಯಾರೂ ಹೇಳಿರಲಿಲ್ಲ ನೋಡವಾ" ಎಂದಳು. ಆಮೇಲೆ ಬುಟ್ಟಿಯವಳಿಂದ ಒಂದು ಪೇರಲಹಣ್ಣು ಕೊಂಡು, ತಾನೊಂದು ಸಲ ಕಚ್ಚಿ, ಉಳಿದದ್ದನ್ನು ನನ್ನ ಕೈಗಿಟ್ಟಳು.