ಸೀರೆ ಅಂಗಡಿ ಮೇಲಿನ ಭೂಮಂಡಲ

ಪ್ರಪಂಚ ಹುಟ್ಟಿಸುವ ಕೆಲಸಕ್ಕೆ ಕೈ ಹಾಕಿದವರ ಬೆನ್ನನ್ನು ನಗೆಪಾಟಲು ಬಿಡುವುದಿಲ್ಲ. ಬ್ರಹ್ಮನಿಗೇನಾಯಿತೋ ಗೊತ್ತಿಲ್ಲ, ನನಗೂ ನನ್ನ ಗೆಳತಿಗೂ ಮಾತ್ರ ವಾರಕ್ಕೊಂದಾದರೂ ತಪ್ಪುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಒಂದು ಸೀರೆ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ಕಲಿಸುವ ಕೇಂದ್ರವಿತ್ತು. ಅಲ್ಲಿ ನಾವಿಬ್ಬರೇ ಟೀಚರ್‌ಗಳು. ಅವಳು ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವವಳು, ನಾನು ಊರವಳೇ. ಅಂಗಡಿಗೂ ಕೇಂದ್ರಕ್ಕೂ ಒಬ್ಬರೇ ಮಾಲೀಕರು. ಎಲ್ಲರ ಬಾಯಲ್ಲೂ ಅವರು ಸಾವ್ಕಾರ್ರು. ಪಾಠವಿಲ್ಲದ ಹೊತ್ತಿನಲ್ಲಿ ನಾವು ಒಂದು ಆಟ ಬರೆಯಲು ಕೂತೆವು. ಆಟದ ಭೂಮಿಯನ್ನು ನಾವು ಬಿಡಿಸುವುದಲ್ಲ. ಸಮುದ್ರ, ಕಾಡು, ಮರುಭೂಮಿ, ಹಿಮ ಎಲ್ಲವನ್ನೂ ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸಬೇಕು. ಇದು ನಮ್ಮ ಹುಚ್ಚು.

ಮಂಡಕ್ಕಿ

ಮೊದಲ ಸಲ ಪರದೆಯ ಒಂದೊಂದು ಚೌಕಕ್ಕೂ ನಿನಗಿಷ್ಟ ಬಂದದ್ದು ಆಗು ಎಂದು ಬಿಟ್ಟುಬಿಟ್ಟೆವು. ನೀಲಿಯ ಪಕ್ಕ ಹಳದಿ, ಅದರ ಪಕ್ಕ ಬಿಳಿ, ಸಂದಿಯಲ್ಲೊಂದು ಹಸಿರು. ಸಮುದ್ರವೆಂದರೆ ಒಂದು ಚೊಂಬಿನಷ್ಟು, ಕಾಡೆಂದರೆ ಒಂದೇ ಮರ. ಮಂಡಕ್ಕಿಗೆ ಈರುಳ್ಳಿ, ಕೊತ್ತಂಬರಿ ಕಲಸಿ ಚೆಲ್ಲಿದ ಹಾಗಿತ್ತು.

ಅಷ್ಟರಲ್ಲಿ ಸಾವ್ಕಾರ್ರು ಮೇಲೆ ಬಂದರು. ಪರದೆಯನ್ನು ನೋಡಿದರು, ಹೆಗಲ ಮೇಲಿನ ಟವೆಲ್ ತೆಗೆದು ಒರೆಸಿದರು. ಬಣ್ಣ ಹೋಗಲಿಲ್ಲ. ಬಾಯಿಂದ ಹಾ ಅಂತ ಉಗಿ ಬಿಟ್ಟು ಮತ್ತೆ ಒರೆಸಿದರು. ಇದು ಭೂಮಿ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಕೊನೆಗೆ ಅವರು ಟವೆಲ್ ಕೊಡವಿ ಹೇಳಿದರು, "ಧೂಳು ಒಳಗ ಕೂತೈತ್ರಿ ಮೇಡಂ. ಬಿಚ್ಚಿ ಒಮ್ಮೆ ಒಗೀಬೇಕು."

ಹಿಮಪಾತ

ಆಮೇಲೆ ದಾರಿ ಸಿಕ್ಕಿತು. ದೂರ ದೂರಕ್ಕೆ ಕೆಲವು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಗೂ ಇಷ್ಟು ಬಿಸಿಲು, ಇಷ್ಟು ಮಳೆ ಎಂದು ಕೊಟ್ಟೆವು. ನಡುವಿನ ಜಾಗಕ್ಕೆಲ್ಲ ಅಕ್ಕಪಕ್ಕದ ಚುಕ್ಕಿಗಳಿಂದ ಮೆಲ್ಲಗೆ ಹಂಚುತ್ತಾ ಹೋದೆವು. ಬಿಸಿಲೂ ಮಳೆಯೂ ಜೋರಿದ್ದರೆ ದಟ್ಟ ಕಾಡು. ಬಿಸಿಲಷ್ಟೇ ಇದ್ದು ಮಳೆ ಇಲ್ಲದಿದ್ದರೆ ಮರುಭೂಮಿ. ಎರಡೂ ಹದವಾಗಿದ್ದರೆ ಹುಲ್ಲುಗಾವಲು. ಬಿಸಿಲೇ ಇಲ್ಲದಿದ್ದರೆ ಹಿಮ. ಕಾಡು ಮೊದಲ ಸಲ ಕಾಡಿನ ಹಾಗೆ ಒಂದೇ ಕಡೆ ಮಂದವಾಗಿ ಕೂತಾಗ ನಾವಿಬ್ಬರೂ ಕುರ್ಚಿಯಲ್ಲೇ ಕುಣಿದೆವು.

ಮಾರನೇ ದಿನ ಗೆಳತಿ ಬೆಟ್ಟಗಳನ್ನು ಸೇರಿಸಿದಳು. ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚಬೇಕು. ಎಲ್ಲೋ ಒಂದು ಚಿಹ್ನೆ ತಿರುಗಾಮುರುಗಾ ಆಗಿ, ಬೆಟ್ಟ, ಬಯಲು, ಸಮುದ್ರ ಯಾವುದನ್ನೂ ಬಿಡದೆ ಹಿಮ ಬಿತ್ತು. ಹೊರಗೆ ಏಪ್ರಿಲ್ ತಿಂಗಳು, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸಾವ್ಕಾರ್ರು ಬಂದು ಇದೇನು ಬೆಳ್ಳಗೆ ಎಂದು ಕೇಳಿದರು. ಹಿಮ ಅಂದೆ. ಅವರು ಪರದೆ ನೋಡಿದರು, ಗೋಡೆಯ ಮೇಲಿನ ಎಸಿ ನೋಡಿದರು, ಎಸಿ ಆರಿಸಿ ಕೆಳಗೆ ಹೋದರು.

ಅಷ್ಟರಲ್ಲಿ ಗೆಳತಿಗೆ ತಪ್ಪು ಸಿಕ್ಕಿತ್ತು. ಸರಿ ಮಾಡಿ ಓಡಿಸಿದಳು, ಹಿಮ ಮಾಯವಾಗಿ ಹಸಿರು ಬಂತು. ಸಾವ್ಕಾರ್ರು ಅದೇ ಗಳಿಗೆಗೆ ಮೆಟ್ಟಿಲಿಂದ ಇಣುಕಿ ನೋಡಿ, ತೃಪ್ತಿಯಿಂದ ತಲೆ ಆಡಿಸಿ ಹೋದರು. ಆ ಬೇಸಿಗೆಯಿಡೀ ನಾವು ಬೆವೆತು ಎಸಿ ಹಾಕಿ ಎಂದಾಗಲೆಲ್ಲ ಒಂದೇ ಉತ್ತರ: "ಬ್ಯಾಡ್ರಿ ಮೇಡಂ, ಮತ್ತೆ ಹಿಮ ಬೀಳ್ತೈತೆ."

ಕೈಲಾಸ

ಹಿಮದ ಸುದ್ದಿ ಸಾವ್ಕಾರ್ರ ಮನೆ ಮುಟ್ಟಿ, ಅವರ ತಾಯಿ ಮೇಲೆ ಹತ್ತಿ ಬಂದರು. ಆ ದಿನದ ನಕ್ಷೆಯಲ್ಲಿ ಮೂಲೆಯಲ್ಲೊಂದು ಬಿಳಿ ಬೆಟ್ಟವಿತ್ತು. ಅಜ್ಜಿ ಅದನ್ನೇ ನೋಡುತ್ತಾ ನಿಂತು ಕೈ ಮುಗಿದರು. ಅದು ಕೈಲಾಸವೇ ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಹೋಗುವಾಗ ಮಾನಿಟರ್ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಹೋದರು.

ಮರುದಿನ ಓಣಿಯ ಹೆಂಗಸರನ್ನೆಲ್ಲ ಹೂವು ಸಮೇತ ಕರೆದುಕೊಂಡು ಬಂದರು. ನಾವು ಆಟ ಶುರು ಮಾಡಿದೆವು. ನಿನ್ನೆ ಬೆಟ್ಟವಿದ್ದ ಮೂಲೆಯಲ್ಲಿ ಇವತ್ತು ಸಮುದ್ರ. ಹೆಂಗಸರು ಅಜ್ಜಿಯ ಮುಖ ನೋಡಿದರು, ಅಜ್ಜಿ ನಮ್ಮ ಮುಖ ನೋಡಿದರು. ಪ್ರತಿ ಸಲವೂ ಹೊಸ ಪ್ರಪಂಚ ಹುಟ್ಟುತ್ತದೆ, ಹಳೆಯದು ಹೋಗುತ್ತದೆ ಎಂದು ಗೆಳತಿ ಸಮಾಧಾನದಿಂದ ವಿವರಿಸಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಬಾಡಿಗೆದಾರ್ರಿಗೂ ಮನಿ ಬಿಡಿಸೋ ಮೊದ್ಲು ಒಂದು ಮಾತು ಹೇಳ್ತಾರೆ," ಅಂದರು. "ಶಿವಗೆ ಅದೂ ಇಲ್ಲೇನವ್ವ?"

ಬೀಜ

ಅಜ್ಜಿಯ ಭಯಕ್ಕೇ ಹಳೆಯ ಪ್ರಪಂಚ ವಾಪಸ್ ತರುವ ಉಪಾಯ ಹುಡುಕಿದೆವು. ಲೆಕ್ಕ ಶುರುವಾಗುವ ಮೊದಲು ಕಂಪ್ಯೂಟರಿಗೆ ಒಂದು ನಂಬರ್ ಕೊಟ್ಟರೆ, ಅದೇ ನಂಬರಿಗೆ ಯಾವಾಗಲೂ ಅದೇ ಭೂಮಿ ಬರುತ್ತದೆ. ಆ ನಂಬರಿಗೆ ನಾವು ಬೀಜ ಅನ್ನುತ್ತಿದ್ದೆವು.

ಒಂದು ಶನಿವಾರ ಪಾಠ ಮುಗಿಸಿ ಗೆಳತಿಯ ಮನೆಗೆಂದು ಹರಿಹರದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮಾತೆಲ್ಲ ಅದೇ. ಒಂಬತ್ತನೇ ಬೀಜ ಹಾಕಿದರೆ ಬರೀ ಮರುಭೂಮಿ ಎಂದು ನಾನು, ಹನ್ನೊಂದನೆಯದು ಹಾಕಿ ನೋಡು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ದಟ್ಟ ಹಸಿರು ಎಂದು ಅವಳು. ಹಿಂದಿನ ಸೀಟಿನಲ್ಲಿ ಕಡರನಾಯಕನಹಳ್ಳಿಯ ಗೌಡರೊಬ್ಬರು ಕೂತಿದ್ದರು. ಬಗ್ಗಿ, ಆ ಹನ್ನೊಂದನೇ ನಂಬರ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಗುಟ್ಟಾಗಿ ಕೇಳಿದರು. ಗೆಳತಿ ಗಾಬರಿಯಾಗಿ, ಅದು ಹೊಲಕ್ಕಲ್ಲ, ಕಂಪ್ಯೂಟರ್ ಬೀಜ ಅಂದಳು.

ಗೌಡರ ಉತ್ಸಾಹ ಇಳಿಯಿತು. ಹಿಂದಕ್ಕೆ ಒರಗಿ ಪಕ್ಕದವರಿಗೆ ಹೇಳಿದರು, "ನಮ್ಮೂರಿಗೆ ಅದು ಆಗಲ್ಲ ಬಿಡ್ರಿ. ಕರೆಂಟ್ ಹೋದ್ರೆ ಮೊಳಿಯಂಗಿಲ್ಲ."

ಬಂಡೆ

ಇಷ್ಟೆಲ್ಲ ಆದರೂ ಕೇಂದ್ರಕ್ಕೆ ಸೇರುವವರು ಕಡಿಮೆಯಾಗುತ್ತಾ ಬಂದರು. ಮಹಡಿಯನ್ನು ಸೀರೆ ಗೋಡೌನ್ ಮಾಡಿಬಿಡುತ್ತೇನೆ ಎಂದು ಸಾವ್ಕಾರ್ರು ಹೇಳತೊಡಗಿದರು. ಹಾಗಾದರೆ ನಮ್ಮಿಬ್ಬರ ಮನೆಯಲ್ಲೂ ಮರುದಿನವೇ ಗಂಡು ನೋಡುವುದು ಶುರು, ಅದರಲ್ಲಿ ಸಂಶಯವಿರಲಿಲ್ಲ. ಊರಿನ ತಂದೆತಾಯಿಯರನ್ನು ಕರೆಸಿ ಆಟ ತೋರಿಸುತ್ತೇವೆ, ಆಮೇಲೆ ತೀರ್ಮಾನ ಮಾಡಿ ಎಂದು ಬೇಡಿಕೊಂಡೆವು. ಅವರು ಒಪ್ಪಿದರು. ಒಂದೇ ಷರತ್ತು, ಮರುಭೂಮಿ ಕಾಣಬಾರದು. ಅದು ಬರಗಾಲದ ಬಣ್ಣ, ಅಪಶಕುನ. ನಾವು ಹಸಿರು ಉಕ್ಕುವ ಒಂದು ನಂಬರ್ ಆರಿಸಿಟ್ಟುಕೊಂಡೆವು.

ಮುಖ್ಯ ಅತಿಥಿ ಮಾಯಕೊಂಡದ ಕಡೆಯವರು, ಬೋರ್‌ವೆಲ್ ಕೊರೆಯುವ ಲಾರಿಗಳ ಮಾಲೀಕರು. ಜನ ಕಿಕ್ಕಿರಿದಿದ್ದರು. ನಮ್ಮ ನಂಬರ್ ಹೇಳಿಕೊಟ್ಟರೆ ಅವರು ಒಪ್ಪಲಿಲ್ಲ. ತಮ್ಮ ಲಾರಿ ನಂಬರ್ ತಮಗೆ ಅದೃಷ್ಟದ್ದು ಎಂದು ಅದನ್ನೇ ಒತ್ತಿದರು.

ಮೇಲಿಂದ ಕೆಳಗಿನವರೆಗೆ ಹಳದಿ. ಒಂದು ಕೆರೆ ಇಲ್ಲ, ಒಂದು ಗಿಡ ಇಲ್ಲ. ಸಾವ್ಕಾರ್ರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಗೆಳತಿ ನನ್ನ ಕೈ ಹಿಡಿದಳು.

ಮುಖ್ಯ ಅತಿಥಿಗಳು ಪರದೆಯ ಹತ್ತಿರಕ್ಕೆ ಬಗ್ಗಿದರು. ಆ ಹಳದಿಯನ್ನು ಅಂಗೈಯಿಂದ ಮೆಲ್ಲಗೆ ಸವರಿದರು. "ಒಂದು ಹನಿ ನೀರಿಲ್ಲಲ್ರಿ," ಅಂದರು. "ಇಂಥಾ ಸೀಮಿ ಎಲ್ಲೈತೆ ಹೇಳ್ರಿ. ನಾಳೇನೇ ಎಲ್ಲಾ ಲಾರಿ ಕಳಿಸ್ತೀನಿ."

ಜನ ನಕ್ಕ ನಗೆಗೆ ಕೆಳಗಿನ ಅಂಗಡಿಯ ಗಿರಾಕಿಗಳು ಸೀರೆ ಬಿಟ್ಟು ಮೇಲೆ ಹತ್ತಿ ಬಂದರು. ಅತಿಥಿಗಳು ಅಲ್ಲೇ ಮಗಳನ್ನೂ ತಮ್ಮನ ಮಕ್ಕಳನ್ನೂ ಕೇಂದ್ರಕ್ಕೆ ಸೇರಿಸಿದರು. ಅವರನ್ನು ನೋಡಿ ಉಳಿದವರೂ ಸಾಲು ನಿಂತರು. ಗೋಡೌನಿನ ಮಾತು ಅಲ್ಲಿಗೇ ನಿಂತಿತು.

ಎಲ್ಲರೂ ಚಹಾ ಕುಡಿಯುವಾಗ ಅತಿಥಿಗಳು ಮತ್ತೆ ಬಂದು ಕಂಪ್ಯೂಟರ್ ಮುಂದೆ ಕೂತರು. ಬೋರ್ ಹೊಡೆಯುವುದು ಯಾವ ಬಟನ್ನು ಎಂದು ಗೆಳತಿಯನ್ನು ಕೇಳಿದರು. ನಮ್ಮ ಆಟದಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಇಲ್ಲ ಅನ್ನಲು ಮನಸ್ಸು ಬಾರದೆ ಅವಳು 'ಬಿ' ಅಕ್ಷರ ತೋರಿಸಿದಳು. ಅವರು ಅದರ ಮೇಲೆ ಹೆಬ್ಬೆರಳಿಟ್ಟು ಭಾರ ಬಿಟ್ಟು ಒತ್ತಿ ಹಿಡಿದರು. ಒಂದೇ ಬಟನ್ನು ಬಿಡದೆ ಒತ್ತಿದ್ದಕ್ಕೆ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಟೊಂಯ್ ಟೊಂಯ್ ಟೊಂಯ್ ಎಂದು ಅರಚಿಕೊಂಡಿತು.

ಅವರು ಕೈ ತೆಗೆದರು. ಚಹಾ ಲೋಟ ಹಿಡಿದು ನಿಂತವರ ಕಡೆ ತಿರುಗಿ, ಬಹಳ ಗಂಭೀರವಾಗಿ ಹೇಳಿದರು.

"ಬಂಡೆ ಸಿಕ್ತು."