ಜೇಬಿನಲ್ಲಿ ಹುಟ್ಟಿದ ವರ್ಷ

ಈಗ ಹೇಳಹೊರಟಿರುವುದು ಹೀಗೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಒಂದೇ, ಎಲ್ಲವನ್ನೂ ಅನುಮಾನಿಸುವುದು. ಈಗ ಆ ಅನುಮಾನ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಆದರೂ ಇಷ್ಟಂತೂ ಹೇಳಬಲ್ಲೆ: ಹೈದರಾಬಾದಿನ ಕನ್ನಡಿಗರಲ್ಲಿ ನಮ್ಮ ಕಾಕಾನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನ ಆಯುಧ ಪೆನ್ನು!

ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಕಾಕಾ, ನಿವೃತ್ತನಾದ ಮೇಲೆ ನಾಚಾರಂನಲ್ಲಿ ಗೆಳೆಯನ ಶೆಡ್ಡಿನ ಮೂಲೆ ಹಿಡಿದು ಪೆನ್ನು ಕಡೆಯತೊಡಗಿದ. ಊರಿಗೆ ಊರೇ ಕಂಪ್ಯೂಟರಿನ ಗುಂಡಿ ಒತ್ತಿ ಅಮೆರಿಕಕ್ಕೆ ಹಾರುತ್ತಿದ್ದ ಕಾಲದಲ್ಲಿ ಶಾಯಿಪೆನ್ನು! ಅದೂ ಬದನೆಕಾಯಿ ಗಾತ್ರದ್ದು. ಯಾಕೆಂದರೆ ಮುಚ್ಚಳದ ನೆತ್ತಿಯಲ್ಲಿ ಒಂದು ನಾಲ್ಕಾಣೆ ಕೂರಬೇಕು, ಅದು ಪೆನ್ನಿನ ಒಡೆಯ ಹುಟ್ಟಿದ ವರ್ಷದ್ದೇ ಆಗಿರಬೇಕು. ಬೇಗಂ ಬಜಾರಿನ ವ್ಯಾಪಾರಿಗಳ ಹಳೆಯ ಚಿಲ್ಲರೆ ಚೀಲಗಳಲ್ಲಿ ಮೊಣಕೈವರೆಗೆ ಕೈಯಿಟ್ಟು ಹುಡುಕುತ್ತಿದ್ದ.

ಇದರಲ್ಲಿ ಅಪಾಯವೇನು ಎನ್ನುತ್ತೀರಾ? ನಮ್ಮವರಿಗೆ ಹುಟ್ಟಿದ ವರ್ಷ ಎರಡೆರಡು. ಒಂದು ತಾಯಿ ಹೆತ್ತದ್ದು, ಇನ್ನೊಂದು ಮುಂದೆ ನೌಕರಿಗೆ ಅನುಕೂಲವಾಗಲೆಂದು ಶಾಲೆಯಲ್ಲಿ ಬರೆಸಿದ್ದು. ಕಾಕಾನಿಗೆ ಮೊದಲನೆಯದೇ ಬೇಕು.

“ಸಾಲಿ ಮಾಸ್ತರ ಬರದದ್ದು ಬ್ಯಾಡ. ನಿಮ್ಮವ್ವ ಹಡದ ವರ್ಷ ಹೇಳು.”

ಸುಳ್ಳು ಹೇಳಿದರೆ ಅವ್ವನನ್ನೇ ಹೋಗಿ ಕೇಳುತ್ತಿದ್ದ. ಹೀಗಾಗಿ ಕಾರ್ಖಾನೆಯ ಹಿರಿಯರು ಯಾವಾಗಲೋ ನಿವೃತ್ತರಾಗಬೇಕಿತ್ತೆಂದು ಅವರ ಜೇಬೇ ಡಂಗುರ ಸಾರತೊಡಗಿತು. ಅವರು ಪೆನ್ನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಆಫೀಸಿಗೆ ಮಾತ್ರ ಒಯ್ಯಲಿಲ್ಲ.

“ನಿನ್ನ ಪೆನ್ನಿನಾಗ ಯಾವ ವರ್ಷದ್ದೈತಿ ಕಾಕಾ?” ಎಂದು ಒಮ್ಮೆ ಕೇಳಿದೆ.

ಅವನು ಜೇಬಿನ ಮೇಲೆ ಅಂಗೈ ಇಟ್ಟ. “ಸವದೈತಿ ಬಿಡಪಾ. ಕಾಣೂದಿಲ್ಲ.”

ನಾನಾಗ ಬೇಗಂಪೇಟೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಕೊರಳಲ್ಲಿ ಕಂಪನಿಯ ಬಿಲ್ಲೆಯಿಲ್ಲದೆ ತರಕಾರಿಗೂ ಹೋಗದ ತಲೆಮಾರು ನಮ್ಮದು. ಕಾಕಾನ ಕಾರ್ಖಾನೆಯ ಅಧಿಕಾರಿಯೊಬ್ಬರ ಮಗಳನ್ನು ನೋಡಲು ಹೋದಾಗ ಕೊರಳಲ್ಲಿ ಆ ಬಿಲ್ಲೆ, ಜೇಬಿನಲ್ಲಿ ಕಾಕಾ ನನಗೆಂದು ಕಡೆದುಕೊಟ್ಟ ಪೆನ್ನು. ಹುಡುಗಿ ಒಂದೇ ನೋಟಕ್ಕೆ ಮನಸ್ಸಿಗೆ ಬಂದಳು. ಈ ಸಂಬಂಧ ತಪ್ಪದಿರಲಿ ಎಂದು ನಾಸ್ತಿಕನಾದ ನಾನು ಯಾರಿಗೆ ಮೊರೆಯಿಡಲಿ ಎಂದು ಯೋಚಿಸುತ್ತಿದ್ದಾಗಲೇ ಅವಳ ಅಪ್ಪ ಕನ್ನಡಕ ಏರಿಸಿ ನನ್ನ ಜೇಬಿಗೆ ಮೂಗು ತಾಗಿಸಿದರು.

“ಬಯೋಡಾಟಾದಾಗ ಹುಡುಗ ಎರಡು ವರ್ಷ ಸಣ್ಣಾವ ಅದಾನಲ್ರಿ?”

ನನ್ನ ತಾಯಿ, ನನ್ನನ್ನು ಹೆತ್ತದ್ದೇ ತಪ್ಪೆಂಬಂತೆ ತಲೆ ತಗ್ಗಿಸಿದಳು. ಕಾಕಾ ಅವಲಕ್ಕಿ ತಿನ್ನುವುದನ್ನು ನಿಲ್ಲಿಸಲಿಲ್ಲ.

“ಪೆನ್ನಿಂದು ಖರೆ ಐತ್ರಿ.”

“ಮತ್ತ ಬಯೋಡಾಟಾ?”

“ಅದು ಮಾಸ್ತರದ್ದು. ಅದಿರ್ಲಿ ಸಾಹೇಬ್ರ, ನಿಮಗೂ ಒಂದು ಪೆನ್ ಕೊಟ್ಟಿದ್ನಲ್ರಿ. ಇನ್ನೂ ಡ್ಯೂಟಿ ಮ್ಯಾಲ ಇದ್ದೀರಿ, ಜೇಬಿಗ್ಯಾಕ ಹಾಕ್ಕೊಂಡಿಲ್ಲ?”

ಸಾಹೇಬರಿಗೆ ಜೋರು ಕೆಮ್ಮು ಬಂತು. “ಚಹಾ ಆರಾಕತ್ತೈತಿ, ತಗೋರಿ,” ಎಂದರು. ಸಂಬಂಧ ಕುದುರಿತು.

ಇದು ನನ್ನ ನೆನಪು. ಹೆಂಡತಿಯ ಪ್ರಕಾರ ಕಾಕಾ ಅಂದು ತುಟಿ ಪಿಟಕ್ಕೆನ್ನಲಿಲ್ಲ; ದೇವರ ಕೋಣೆಯಿಂದ ಆ ಪೆನ್ನು ತಂದು ಅಪ್ಪನ ಮುಂದಿಟ್ಟವಳು ಅವಳೇ. ಯಾರನ್ನು ನಂಬುವುದು? ಸಂಸಾರಸ್ಥನಿಗೆ ಅದೂ ಒಂದು ಪ್ರಶ್ನೆಯೇ?

ಕಾಕಾ ತೀರಿಕೊಂಡ ಮೇಲೆ ಅವನ ಹೆಂಡತಿ, ನಮ್ಮ ಕಾಕು, ಅವನ ಪೆನ್ನನ್ನು ನನ್ನ ಕೈಗಿಟ್ಟಳು.

“ಇವರನ್ನ ಹಡದ ಬಾಣಂತನದಾಗನ ಇವರವ್ವ ಹೋಗಿದ್ರು,” ಎಂದಳು. “ಯಾವ ವರ್ಷ ಅಂತ ಹೇಳಾಕ ಯಾರೂ ಉಳೀಲಿಲ್ಲ. ಕಾಗದದಾಗ ಇದ್ದದ್ದು ಮಾಸ್ತರ ಅಂದಾಜು. ಅದನ್ನ ಇವರು ಎಂದೂ ತಮ್ಮದು ಅನ್ನಲಿಲ್ಲ.”

ಇಲ್ಲಿ ಬರೆದದ್ದರಲ್ಲಿ ನಡೆದದ್ದೆಷ್ಟು, ನಾನು ಹೊಸೆದದ್ದೆಷ್ಟು, ಗೊತ್ತಿಲ್ಲ. ಒಂದನ್ನು ಮಾತ್ರ ಭೂತಗನ್ನಡಿ ಹಿಡಿದು ನೋಡಿ ಖಚಿತಪಡಿಸಿಕೊಂಡೆ. ಕಾಕಾನ ಪೆನ್ನಿನಲ್ಲಿದ್ದದ್ದು ಬ್ರಿಟಿಷ್ ರಾಜನ ಕಾಲದ ಬೆಳ್ಳಿ ನಾಲ್ಕಾಣೆ. ಅದು ಸವೆದಿರಲಿಲ್ಲ. ಅಂಚಿನ ಬಳ್ಳಿಯ ಒಂದೊಂದು ಎಲೆಯೂ ಚೂಪಾಗಿತ್ತು. ಇಸವಿ ಇರಬೇಕಾದ ಕಡೆ ಮಾತ್ರ, ಅದರಷ್ಟೇ ಅಗಲಕ್ಕೆ, ಅರದಿಂದ ಉಜ್ಜಿದ ಗೆರೆಗಳಿದ್ದವು.