ದೋಣಿಯ ಟಾಕಿಗೆ ತೂತು ಬಿದ್ದ ಬಗೆ

ಮನೆಯಲ್ಲಿ ಯಾವುದಾದರೂ ವಸ್ತು ಕೆಟ್ಟರೆ ಜಾಣರು ಪಾನಾ, ಇಕ್ಕಳ ಹುಡುಕುತ್ತಾರೆ. ನಾನು ಅಪರಾಧಿಯನ್ನು ಹುಡುಕುತ್ತೇನೆ. ಮೂವತ್ತು ವರ್ಷ ಅತನೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದರಿಂದ ಅಂಟಿಕೊಂಡ ಚಟವಿರಬೇಕು. ಗಾಜಿನ ನಳಿಕೆ ಒಡೆದ ಸದ್ದು ಕೇಳಿದ ಕೂಡಲೇ "ಯಾವನಲೇ ಅವಾ?" ಎಂದು ಕೂಗಿ, ಆಮೇಲೆ ಕಸಬರಿಗೆ ತರಿಸುತ್ತಿದ್ದೆ. ನಿವೃತ್ತನಾದ ಮೇಲೆ ಬೈಯಲು ಹುಡುಗರು ಸಿಗಲಿಲ್ಲ, ಚಟ ಮಾತ್ರ ಉಳಿಯಿತು. ಮಿಕ್ಸರ್ ಸುಟ್ಟರೆ ಹೆಂಡತಿ, ಕರೆಂಟ್ ಹೋದರೆ ಲೈನ್‌ಮನ್, ಕನ್ನಡಕ ಸಿಗದಿದ್ದರೆ ಪಕ್ಕದ ಮನೆಯ ಬೆಕ್ಕು. ಆ ಬೆಕ್ಕು ನಮ್ಮ ಮನೆಗೆ ಬರುವುದನ್ನು ಬಿಟ್ಟು ಬಹಳ ದಿನಗಳಾದವು.

ಈಗ ಹೇಳಬೇಕಾದದ್ದು ನಮ್ಮ ದೋಣಿಯ ಡೀಸೆಲ್ ಟಾಕಿಯ ಸಂಗತಿ. ಬಿಸಿಲಿಗೆ ಹೆಸರಾದ ನಮ್ಮ ಸೀಮೆಯಲ್ಲಿ ದೋಣಿ ಎಲ್ಲಿಂದ ಬಂತು ಎನ್ನಬೇಡಿ. ಭೀಮಾ ನದಿ ನಮ್ಮ ಹಿತ್ತಿಲಿಗೆ ಹತ್ತಿಕೊಂಡೇ ಇದೆ. ನಮ್ಮದು ಅಫಜಲಪುರ ಕಡೆಯ ದಂಡೆ. ಎದುರಿನ ಜೇವರ್ಗಿ ಕಡೆಯ ದಂಡೆಯಲ್ಲಿ, ನೆಲೋಗಿಯ ನನ್ನ ಮಾವನವರು ಮಗಳಿಗೆಂದು ಕೊಟ್ಟ ನಾಲ್ಕು ಎಕರೆ ಹೊಲವಿದೆ. ಬಸ್ಸಿನಲ್ಲಿ ಸೇತುವೆ ಸುತ್ತಿ ಹೋದರೆ ಅರ್ಧ ದಿನ, ದೋಣಿಯಲ್ಲಿ ಕಾಲು ಗಂಟೆ. ಅದಕ್ಕೇ ಹಳೆಯದೊಂದು ಮರದ ದೋಣಿ ಕೊಂಡು, ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದೆ. ಎಣ್ಣೆ ಉಳಿಸುವ ಆಸೆಯಿಂದ ನಡುವೆ ಒಂದು ಗಳ ನೆಟ್ಟು, ತೊಗರಿ ಒಣಗಿಸುವ ತಾಡಪತ್ರಿಯನ್ನೇ ಹಾಯಿ ಮಾಡಿ ಕಟ್ಟಿದೆ. ಮೊದಲ ದಿನವೇ ಗಾಳಿ ನನ್ನನ್ನು ಹೊಲಕ್ಕೆ ಒಯ್ಯುವ ಬದಲು, ಕೆಳಗಿನ ಊರಿನ ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಂದು ನಿಲ್ಲಿಸಿತು. "ಮಾಸ್ತರ್ರ, ಈ ಕಡಿ ಏನ್ ಕೆಲಸ ತಗದ್ರಿ?" ಎಂದು ಅವರು ಕೇಳಿದರು. ನೀರಿನ ಪರೀಕ್ಷೆಗೆ ಬಂದಿದ್ದೇನೆ ಎಂದೆ. ಅಂದಿನಿಂದ ಹಾಯಿ ಹೆಚ್ಚಾಗಿ ಮಡಚಿಯೇ ಇರುತ್ತದೆ, ಎಂಜಿನ್ನೇ ಗತಿ.

ಆ ಎಂಜಿನ್ನಿಗೆ ಟಾಕಿ ತಂದುಕೊಟ್ಟವನು ನನ್ನ ಹೆಂಡತಿ ನೀಲಮ್ಮನ ತಮ್ಮ ಶರಣಪ್ಪ. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುತ್ತಾನೆ. ಗುಜರಿಯಲ್ಲಿ ಹುಡುಕಿ, ಹಳೆಯ ಜೀಪಿನ ಟಾಕಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು, "ಮಾಮಾ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ" ಎಂದು ತಾನೇ ನಿಂತು ಕೂರಿಸಿಕೊಟ್ಟ. ಮೂರು ವರ್ಷ ಏನೂ ಆಗಲಿಲ್ಲ. ನಾಲ್ಕನೆಯ ವರ್ಷದ ಎಳ್ಳಮಾವಾಸ್ಯೆಗೆ ಬಂಧುಬಳಗವನ್ನೆಲ್ಲ ದೋಣಿಯಲ್ಲಿ ಕೂರಿಸಿಕೊಂಡು, ಬೆಳೆಗೆ ಎಡೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದೆವು. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಪಾತ್ರೆ ಟಾಕಿಯ ಪಕ್ಕದಲ್ಲಿತ್ತು. ಟಾಕಿ ಸೋರಿ, ಪಾತ್ರೆಗೆ ಸುತ್ತಿದ್ದ ಬಟ್ಟೆ ಡೀಸೆಲ್ ಕುಡಿದಿತ್ತು; ಬಡಿಸಲು ಬಿಚ್ಚುವಾಗ ಬಟ್ಟೆ ಹಿಂಡಿದಂತಾಗಿ ಡೀಸೆಲ್ ಭಜ್ಜಿಯೊಳಗೇ ಬಿತ್ತು. ಇಪ್ಪತ್ತು ಜನ ಒಂದೇ ಸಲಕ್ಕೆ ತುತ್ತು ಬಾಯಿಗಿಟ್ಟು ಒಂದೇ ಸಲಕ್ಕೆ ಉಗುಳಿದರು. ನಾನು ಎದ್ದು ನಿಂತು, ಎಲ್ಲರೆದುರು ಶರಣಪ್ಪನಿಗೆ ಬೈದೆ. ಕೊಳೆತ ಮಾಲನ್ನು ಅಕ್ಕನ ಮನೆಗೆ ದಾಟಿಸಿದೆಯಲ್ಲ, ತುಕ್ಕು ಹಿಡಿದದ್ದಕ್ಕೆ ಬಣ್ಣ ಬಳಿದು ತಂದೆಯಲ್ಲ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೈ ತೊಳೆದು, ಹೊಲದ ದಾರಿಯಿಂದಲೇ ನಡೆದು ಹೋದ. ಆಮೇಲೆ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆ ಎರಡು ವರ್ಷ ಟಾಕಿಯನ್ನು ಕಾಪಾಡಿದ್ದು ಸಾಬೂನು. ಸೋರುವ ಡೀಸೆಲ್ ಟಾಕಿಗೆ ನಮ್ಮ ಕಡೆಯ ಡ್ರೈವರುಗಳೆಲ್ಲ ಮಾಡುವ ಮದ್ದು ಅದೇ: ಬಟ್ಟೆ ಸಾಬೂನನ್ನು ನಾದಿ ತೂತಿಗೆ ಮೆತ್ತುವುದು. ಡೀಸೆಲ್‌ಗೆ ಸಾಬೂನು ಕರಗುವುದಿಲ್ಲ. ನಮ್ಮ ದೋಣಿಯಲ್ಲಿ ನೀರೂ ಬರುತ್ತಿದ್ದದ್ದರಿಂದ ವಾರಕ್ಕೊಮ್ಮೆ ಹೊಸದಾಗಿ ಮೆತ್ತಬೇಕಾಗುತ್ತಿತ್ತು. ಬಟ್ಟೆ ಸಾಬೂನು ಮುಗಿದಾಗ ಮೈಸಾಬೂನೂ ಹೋಯಿತು. "ರೀ, ನಿನ್ನಿ ಬಿಚ್ಚಿದ ಸಾಬೂನ ಎಲ್ಲಿ ಹೋತ್ರಿ?" ಎಂದು ನೀಲಮ್ಮ ಬಚ್ಚಲಿನಿಂದ ಕೂಗಿದಾಗ, ಇಲಿ ಒಯ್ದಿರಬೇಕು ಎನ್ನುತ್ತಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ಮಡಿವಂತ ಇಲಿಗಳಿರಲಿಲ್ಲ.

ಈ ವರ್ಷ ಎಳ್ಳಮಾವಾಸ್ಯೆಗೆ ಹದಿನೈದು ದಿನವಿದ್ದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನೋಡ್ರಿ, ಹ್ವಾದ ವರ್ಷ ನನ್ನ ತಮ್ಮ ಇಲ್ಲದ ಹಬ್ಬ ಮಾಡೇನಿ. ತುತ್ತು ಗಂಟಲದಾಗ ಇಳೀಲಿಲ್ಲ. ಈ ಸಲ ಟಾಕಿ ಬದಲಿ ಮಾಡ್ರಿ, ಅವನ್ನ ಕರೀರಿ. ಇಲ್ಲಂದ್ರ ಆ ದೋಣ್ಯಾಗ ನಾ ಕಾಲ ಇಡಂಗಿಲ್ಲ. ಹೊಲ ನಮ್ಮಪ್ಪಂದು, ನಾ ಬಸ್ಸಿನಾಗ ಹೋಗ್ತೇನಿ." ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಒಂದು ಕೈ ನೋಡಬಹುದಿತ್ತು. ಹೆದರಿಕೆಯಾಯಿತು. ಆದರೆ ನನ್ನ ಬುದ್ಧಿ ನೋಡಿ, ಆಗಲೂ ಒಳಗೊಳಗೆ ಒಂದು ಲೆಕ್ಕ ಹಾಕಿದೆ: ಹಳೆಯ ಟಾಕಿಯನ್ನು ಕತ್ತರಿಸಿ, ಒಳಗಿನ ತುಕ್ಕನ್ನು ಶರಣಪ್ಪನ ಮುಂದಿಟ್ಟು, ಆಮೇಲೆ ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಡುವುದು.

ಟಾಕಿ ಹೊರಗೆ ಬರಲು ಒಪ್ಪಲಿಲ್ಲ. ಮೊದಲು ಟಾಕಿ ಇಟ್ಟು ಅದರ ಮೇಲೆ ಕೂರುವ ಹಲಗೆ ಬಡಿದಿದ್ದೆವು. ಟಾಕಿ ತೆಗೆಯಬೇಕಾದರೆ ಹಲಗೆ ಕೀಳಬೇಕು, ಹಲಗೆ ಕೀಳಬೇಕಾದರೆ ಗಳ ಬಿಚ್ಚಬೇಕು, ಗಳ ಬಿಚ್ಚಿದರೆ ತಾಡಪತ್ರಿ ತಲೆಯ ಮೇಲೆ ಬೀಳುತ್ತದೆ. ಬಿತ್ತು. ಅದರಡಿಯಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಮರುದಿನ ಟಾಕಿಯ ಎಣ್ಣೆಯನ್ನೆಲ್ಲ ಬಸಿದು, ಗೋಣಿಚೀಲದಲ್ಲಿ ಕಟ್ಟಿ, ಒಳಗಿನ ತುಕ್ಕು ತಂದು ತೋರಿಸುತ್ತೇನೆಂದು ನೀಲಮ್ಮನಿಗೆ ಹೇಳಿ, ಅಫಜಲಪುರದ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಸರ, ಇದರಾಗ ಏನದ?" ಎಂದ. ಸಾಕ್ಷಿ ಎಂದೆ. ಅವನು ಹಿಂದಿನ ಸೀಟಿಗೆ ಹೋಗಿ ಕೂರಲು ಹೇಳಿದ.

ವೆಲ್ಡಿಂಗ್ ಅಂಗಡಿಯ ಮೆಹಬೂಬ ಸಾಬರು ನನಗಿಂತ ಹಿರಿಯರು, ಮಾತು ಕಡಿಮೆ. ಹೊಸ ಟಾಕಿ ಮಾಡಿಕೊಡಲು ಒಪ್ಪಿದರು. ಹಳೆಯದನ್ನು ಕತ್ತರಿಸಿ ತೋರಿಸಿ, ಒಳಗಿನ ತುಕ್ಕು ನೋಡಬೇಕು ಎಂದೆ. ಅವರು ಟಾಕಿಗೆ ನೀರು ತುಂಬಿ ತೊಳೆದು, ಉಳಿಯಿಂದ ಸೀಳಿ, ಬಿಸಿಲಿಗೆ ಹಿಡಿದರು. ಇಬ್ಬರೂ ಬಗ್ಗಿ ನೋಡಿದೆವು. ಒಳಗೆ ಹೊಸ ತಾಟಿನಂತೆ ಹೊಳೆಯುತ್ತಿತ್ತು. ತುಕ್ಕಿನ ಒಂದು ಚುಕ್ಕೆ ಇಲ್ಲ. ತಳದಲ್ಲಿ, ಎಣ್ಣೆ ಹಾಕುವ ಬಾಯಿಯ ನೇರ ಕೆಳಗೆ, ತಗ್ಗು ಬಿದ್ದು, ಆ ತಗ್ಗಿನ ನಡುವೆ ಗುಂಡಗಿನ ಒಂದು ತೂತು.

"ಸರ, ಎಣ್ಣಿ ಎಷ್ಟದ ಅಂತ ಹ್ಯಾಂಗ ನೋಡ್ತಿದ್ರಿ?" ಎಂದು ಕೇಳಿದರು.

"ಸರಳು ಬಿಟ್ಟು ನೋಡ್ತಿದ್ದೆ."

"ಕಬ್ಬಿಣದ್ದೇನ್ರಿ?"

"ಹೌದು. ಕಿಟಕಿಗೆ ಹಾಕಿ ಉಳಿದದ್ದು."

"ದಿನಾನೂ?"

ದಿನಕ್ಕೆರಡು ಸಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೇಲಿನಿಂದ ಕೈಬಿಟ್ಟರೆ ಠಣ್ ಎಂದು ತಳ ಮುಟ್ಟುತ್ತಿತ್ತು. ಆ ಸದ್ದು ಕೇಳಲು ನನಗೆ ಖುಷಿಯಾಗುತ್ತಿತ್ತು. ಮೆಹಬೂಬ ಸಾಬರು ತೂತಿನಲ್ಲಿ ತೋರುಬೆರಳಿಟ್ಟು ನೋಡಿ, "ಮಾಲು ಭಾರಿ ಗಟ್ಟಿ ಅದರಿ. ಬ್ಯಾರೆ ಟಾಕಿ ಆಗಿದ್ರ ಆರು ತಿಂಗಳನೂ ತಾಳ್ತಿರಲಿಲ್ಲ" ಎಂದರು. ಉಜ್ಜಿದ ಕಡೆ ವಸ್ತು ಸವೆಯುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವನು ನಾನು. ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತು ಜನರೆದುರು ಕೈ ತೊಳೆದು ಎದ್ದುಹೋದ ಶರಣಪ್ಪನ ಮುಖ ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು, ಅಳುವೂ ಬಂತು. ಹಾಗಂತ ಒಳ್ಳೆಯವನಾದೆನೆಂದು ತಿಳಿಯಬೇಡಿ. ಸೀಳಿದ ಟಾಕಿಯನ್ನು ಗುಜರಿಗೆ ಹಾಕಿಬಿಡಿ, ಮನೆಗೆ ಬೇಡ ಎಂದು ಹೇಳಿ ಬಂದೆ.

"ತುಕ್ಕ ತೋರಸ್ತೇನಂದಿದ್ರಲ್ಲ, ಎಲ್ಲದ?" ಎಂದಳು ನೀಲಮ್ಮ, ನಾನು ಮನೆಗೆ ಬಂದಾಗ.

"ಬಸ್ಸಿನ್ಯಾಗ ತರಗೊಡಲಿಲ್ಲ" ಎಂದೆ.

ನಾಲ್ಕು ದಿನಕ್ಕೆ ಹೊಸ ಟಾಕಿ ಬಂತು. ಎಣ್ಣೆ ಹೊರಗಿನಿಂದಲೇ ಕಾಣುವಂತೆ ಮೆಹಬೂಬ ಸಾಬರು ಪಕ್ಕಕ್ಕೊಂದು ಪಾರದರ್ಶಕ ನಳಿಕೆ ಕೂರಿಸಿದ್ದರು. ನಾನೇ ಶರಣಪ್ಪನಿಗೆ ಫೋನು ಮಾಡಿದೆ. ಹೇಳಬೇಕೆಂದಿದ್ದ ಮಾತನ್ನು ಹೇಳಲಿಲ್ಲ. "ಹಬ್ಬಕ್ಕ ಬಾ, ನಿಮ್ಮಕ್ಕ ಕರ್ದಾಳ" ಎಂದಷ್ಟೇ ಅಂದೆ. "ಬರ್ತೇನಿ ಮಾಮಾ" ಎಂದ ಅವನು.

ಬಂದ. ದೋಣಿ ತುಂಬ ಜನ, ಬುಟ್ಟಿಗಳು, ಶೇಂಗಾ ಹೋಳಿಗೆಯ ವಾಸನೆ. ನೀಲಮ್ಮ ಹೊಸ ಸೀರೆ ಉಟ್ಟು ಟಾಕಿಯ ಮೇಲಿನ ಹಲಗೆಯಲ್ಲೇ ಕೂತಳು. ಒಂದು ಹನಿ ಸೋರಲಿಲ್ಲ. ಆಚೆಯ ದಂಡೆ ಹತ್ತಿರವಾಗುತ್ತಿದ್ದಾಗ ಶರಣಪ್ಪ ನನ್ನ ಪಕ್ಕಕ್ಕೆ ಸರಿದು, ಎಲ್ಲರಿಗೂ ಕೇಳುವಂತೆ ಹೇಳಿದ: "ಮಾಮಾ, ಅವತ್ತ ನಾ ಸಿಟ್ಟ ಮಾಡಬಾರದಿತ್ತು. ಟಾಕಿ ಸರಿ ನೋಡಿ ತರಲಿಲ್ಲ ನಾ. ತಪ್ಪು ನಂದೇ ಅದ."

ಇದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಲೇ ಶರಣಪ್ಪಾ, ನೀ ಕೊಟ್ಟ ಟಾಕಿ ಬಂಗಾರದಂಥಾದ್ದು. ತೂತ ಹಾಕಿದಾಂವ ನಾನು. ಸರಳ ಬಿಟ್ಟು ಬಿಟ್ಟು ನಾನೇ ಹಾಕೇನಿ" ಎಂದುಬಿಟ್ಟೆ. ದೋಣಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಎರಡ ವರ್ಷ, ಮಾಮಾ" ಎಂದ ಶರಣಪ್ಪ. ಅಷ್ಟು ಮೆಲ್ಲಗೆ ಅಂದದ್ದೇ ನನಗೆ ಹೆಚ್ಚು ನಾಟಿತು. ಆಮೇಲೆ ಮುಖ ಒರೆಸಿಕೊಂಡು, "ಅಕ್ಕಾ, ಎರಡ ವರ್ಷದ ಹೋಳಗಿ ಇವತ್ತ ಒಂದೇ ದಿನ ತಿಂತೇನಿ, ಎಣಿಸಬ್ಯಾಡ" ಎಂದ. ಎಲ್ಲರೂ ನಕ್ಕರು. ನನ್ನ ಎದೆ ಹಗುರಾಯಿತು. ಹಗುರಾದದ್ದಷ್ಟೇ ಅಲ್ಲ, ಸ್ವಲ್ಪ ಉಬ್ಬಿತು ಕೂಡ. ಇಷ್ಟು ಜನರೆದುರು ತಪ್ಪು ಒಪ್ಪಿಕೊಳ್ಳಲು ಎಂಥ ಧೈರ್ಯ ಬೇಕು ಎಂದು ಮೆಚ್ಚುಗೆ ಹುಡುಕುತ್ತ ಹೆಂಡತಿಯ ಕಡೆ ನೋಡಿದೆ.

ನೀಲಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: "ಮೆಹಬೂಬ ಚಾಚಾ ಹ್ವಾದ ವಾರನ ಫೋನ್ ಮಾಡಿದ್ರು. 'ಅಮ್ಮಾರ, ಹೊಸಾ ಟಾಕಿಗೆ ಸರಳ ಬಿಡಗೊಡಬ್ಯಾಡ್ರಿ' ಅಂತ ಎಲ್ಲಾ ಹೇಳಿದ್ರು. ನೀವಾಗೇ ಹೇಳ್ತೀರೇನು ಅಂತ ಕಾಯಾಕತ್ತಿದ್ದೆ. ದಂಡಿ ಮುಟ್ಟಿದ ಕೂಡ್ಲೆ ನಾನೇ ಹೇಳವಳಿದ್ದೆ."

ತಿರುಗಿ ನೋಡಿದೆ. ದಂಡೆ ಇನ್ನು ಹತ್ತು ಮಾರು ದೂರವಿತ್ತು. ನಾನು ಸತ್ಯವಂತನಾದದ್ದು ಆ ಹತ್ತು ಮಾರಿನ ಅಂತರದಲ್ಲಿ.